ಗುರುವಾರದ ಉಸಿರಿನ ಪಾಠ

ಆಣೆ ಮಾಡಿಸುವುದು ಗುರುಪಾದಪ್ಪ ಮಾಸ್ತರರ ಮನೆಗೆ ಹೊಸ ಸಂಗತಿಯಾಗಿರಲಿಲ್ಲ. ಮೂವತ್ತೆಂಟು ವರ್ಷ ಗಣಿತ ಕಲಿಸಿ, ಮುಖ್ಯಾಧ್ಯಾಪಕರಾಗಿ ನಿವೃತ್ತರಾಗಿ, ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಕಟ್ಟಿಸಿಕೊಂಡಿದ್ದ ಆ ಎಪ್ಪತ್ತಾರರ ಹಿರಿಯರು, ಆಡಿದ ಮಾತಿಗೆ ತಪ್ಪುವುದನ್ನು ಕಳವಿಗಿಂತ ದೊಡ್ಡ ಅಪರಾಧವೆಂದು ನಂಬಿದ್ದರು. ಮಗ ಗೌರೀಶ ಹತ್ತನೆಯ ಇಯತ್ತೆಯಲ್ಲಿ ಬೀಡಿ ಸೇದಿ ಸಿಕ್ಕುಬಿದ್ದಾಗ ಅವನ ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಆಣೆ ಮಾಡಿಸಿದ್ದರು. ಈಗ ಐವತ್ತರ ಹೊಸ್ತಿಲಲ್ಲಿ ನಿಂತಿದ್ದ ಗೌರೀಶ ಇಂದಿಗೂ ಬೀಡಿಯ ಹೊಗೆ ಕಂಡರೆ ದಾರಿ ಬದಲಿಸುತ್ತಿದ್ದ. ಒಮ್ಮೆ ಫಲಿಸಿದ ಔಷಧ ಎಲ್ಲ ರೋಗಕ್ಕೂ ಫಲಿಸೀತೆಂಬ ವಿಶ್ವಾಸ ಮಾಸ್ತರರಲ್ಲಿ ಅಂದಿನಿಂದ ಬೇರೂರಿತ್ತು.

ಆದುದರಿಂದ ಮೊಮ್ಮಗ ಆಕಾಶ ವ್ಯಸನಮುಕ್ತಿ ಕೇಂದ್ರದಲ್ಲಿ ನಲವತ್ತೈದು ದಿನ ಕಳೆದು ಮನೆಗೆ ಮರಳಿದ ಸೋಮವಾರ, ಸ್ನಾನ ಮುಗಿಯುತ್ತಲೇ ಅವನನ್ನು ಪೂಜಾಕೋಣೆಗೆ ಕರೆದರು.

“ವಿಭೂತಿ ಹಚ್ಕೊಂಡಿ?”

“ಹೂಂ, ಮುತ್ಯಾ.”

“ಲಿಂಗಾ ಹಿಡಿ. ಹೇಳು, ಇನ್ನ ಮ್ಯಾಲೆ ಆ ಗುಳಿಗಿ ಮುಟ್ಟೂದಿಲ್ಲ. ಮುಟ್ಟಿದ್ರ ಈ ಮನಿ ಹೊಸ್ತಿಲಾ ತುಳ್ಯೂದಿಲ್ಲ.”

ಇಪ್ಪತ್ತಮೂರರ ಆಕಾಶ ತಲೆ ತಗ್ಗಿಸಿ ಹೇಳಿದ. ಅವನ ಎಡಗೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಮಚ್ಛೆಯ ಕೈಗಾರಿಕಾ ವಸಾಹತಿನಲ್ಲಿ ಗೌರೀಶನದೊಂದು ಸಣ್ಣ ಲೇಥ್ ಕಾರಖಾನೆ; ಎರಡು ವರ್ಷಗಳ ಹಿಂದೆ ಅಲ್ಲಿಯ ಯಂತ್ರಕ್ಕೆ ಆ ಬೆರಳುಗಳು ಸಿಕ್ಕಿದ್ದವು. ನೋವಿಗೆಂದು ಗುಳಿಗೆ ಬಂದವು. ಗಾಯ ಮಾಯ್ದರೂ ಗುಳಿಗೆ ಹೋಗಲಿಲ್ಲ. ಅಂಗಡಿಯವರು ಕೊಡಲೊಲ್ಲೆವೆಂದಾಗ ಕೊಡುವವರು ಚಹದ ಗಾಡಿಯ ಬಳಿ ಸಿಕ್ಕರು. ನುಂಗುವುದು ಸಾಲದಾಗಿ ಅವನ್ನು ಅರೆದು ಸೂಜಿಯಲ್ಲಿ ತೆಗೆದುಕೊಳ್ಳುವುದನ್ನು ಕಲಿಸುವವರೂ ಸಿಕ್ಕರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನೇತ್ರಾ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ಅಕಸ್ಮಾತ್ ಮುಟ್ಟಿದ್ರ ಏನ್ರಿ, ಮಾವಾರ?” ಎಂದಳು.

“ಮುಟ್ಟಿದ್ರ ಅನ್ನೂ ಪ್ರಶ್ನೆನ ಇಲ್ಲ. ಆಣಿ ಆತು. ಊಟಕ್ಕ ಹಾಕು.”

ಅಂದು ಮಾದೇಲಿಯ ಮೇಲೆ ತುಪ್ಪ ಹಾಲು ಸುರಿದುಕೊಂಡು ಎಲ್ಲರೂ ಉಂಡರು. ಆಕಾಶನ ತಂಗಿ ಸಾಕ್ಷಿ, “ಅಣ್ಣಾ, ನೀ ಬಂದದ್ದಕ್ಕ ನಮಗೂ ತುಪ್ಪ ಸಿಕ್ತು,” ಎಂದು ನಗಿಸಿದಳು. ಅಜ್ಜಿ ಬಸವಣ್ಣೆವ್ವ ಮೊಮ್ಮಗನ ತಾಟಿಗೆ ಮೂರು ಸಲ ಬಡಿಸಿದಳು. ನೇತ್ರಾ ಮಾತ್ರ ಮಗನ ಕಣ್ಣುಗಳನ್ನೇ ನೋಡುತ್ತಿದ್ದಳು.

*

ಮುಂದಿನ ವಾರ ನೇತ್ರಾ ಎರಡು ದಿನದ ಮಟ್ಟಿಗೆ ತವರೂರಾದ ಖಾನಾಪುರಕ್ಕೆ ಹೋದಳು. ಅಲ್ಲಿ ಅಣ್ಣನ ಹೆಂಡತಿ ಲಕ್ಷ್ಮೀ ಅವಳನ್ನು ಮಹಿಳಾ ಸಂಘದ ಕೋಣೆಗೆ ಕರೆದೊಯ್ದಳು. ಮೂವತ್ತರ ಆಸುಪಾಸಿನ ಕೇತಕಿ ಎಂಬಾಕೆ ನಡುವೆ ಕುಳಿತು, ಎಡಗಡೆಯವರಿಗೆ ಮರಾಠಿಯಲ್ಲಿಯೂ ಬಲಗಡೆಯವರಿಗೆ ಕನ್ನಡದಲ್ಲಿಯೂ ಮಾತನಾಡುತ್ತಿದ್ದಳು. ಮುಂದಿನ ಚಾಪೆಯ ಮೇಲೆ ಹಳೆಯ ಕೌದಿಯನ್ನು ಸುತ್ತಿ ಹೊಲಿದು, ಅಂಗಿ ತೊಡಿಸಿದ ಆಳೆತ್ತರದ ಗೊಂಬೆಯೊಂದು ಮಲಗಿತ್ತು.

“ತುಟಿ ನೀಲಿ ಆಗತಾವ. ಉಗುರ ನೀಲಿ ಆಗತಾವ. ಕರದ್ರ ಓಗೊಡೂದಿಲ್ಲ. ಗೊರ್ರ್ ಗೊರ್ರ್ ಅಂತ ಸಪ್ಪಳ ಬರ್ತದ. ಅದು ಗೊರಕಿ ಅಲ್ಲ ಅವ್ವಾರ, ಉಸಿರು ನಿಲ್ಲೂ ಸಪ್ಪಳ,” ಎಂದಳು ಕೇತಕಿ. “ನಮ್ಮ ತಮ್ಮ ರೋಹನ ಹಂಗಽ ಸಪ್ಪಳ ಮಾಡ್ಲಿಕತ್ತಿದ್ದ. ಚಲೋ ನಿದ್ದಿ ಹತ್ತೇದ ಅಂತ ನಮ್ಮ ಆಯಿ ಮ್ಯಾಲೆ ಕೌದಿ ಹೊಚ್ಚಿ ಬಾಗಲಾ ಮುಂದ ಮಾಡಿದ್ಲು. ಆ ಕೌದಿನಽ ಇದು,” ಎಂದು ಗೊಂಬೆಯ ಎದೆ ತಟ್ಟಿದಳು.

ಫಕೀರವ್ವ ಎಂಬ ಮುದುಕಿ ಕೇಳಿದಳು: “ಹುಣಸಿ ನೀರ ಕುಡಿಸಿದ್ರ ನಶಾ ಇಳ್ಯೂದಿಲ್ಲೇನ ತಂಗಿ? ನಮ್ಮ ಕಡೆ ಮಜ್ಜಿಗಿನೂ ಹಾಕತಾರ.”

“ಎಚ್ಚರ ಇಲ್ಲದಾವನ ಬಾಯಾಗ ಏನ್ ಹಾಕಿದ್ರೂ ಶ್ವಾಸಕ್ಕ ಹೋಗತದ, ಅಜ್ಜಿ. ನೀವಽ ಬಾವಿಗೆ ನೂಕಿದಂಗ. ಕುಂದ್ರಸಬ್ಯಾಡ್ರಿ, ಕುತ್ತಿಗಿ ಮುಂದ ಬಿದ್ದು ಗಂಟಲಾ ಮುಚ್ಚತದ. ೧೦೮ಕ್ಕ ಫೋನ್ ಹಚ್ಚರಿ. ಅಂಗಾತ ಮಲಗಿಸಿ, ಹಣಿ ಹಿಂದ ಒತ್ತಿ, ಗದ್ದ ಮ್ಯಾಲೆತ್ತಿ, ಮೂಗು ಹಿಡದು, ಐದು ಎಣಿಸೂದ್ರಾಗ ಒಂದ್ಸಲ ಬಾಯಿಲೆ ಉಸಿರ ಕೊಡ್ರಿ. ಈ ನಶಾಕ್ಕ ಎದರ ಇಂಜೆಕ್ಷನ್ ಐತಿ, ನ್ಯಾಲೊಕ್ಸೋನ್ ಅಂತಾರ, ಡಾಕ್ಟರ ಕೊಡ್ತಾರ. ಅದು ಸಿಗೂತನಕಾ ಅವನ ಉಸಿರು ನೀವಽ.”

ನೇತ್ರಾ ಮೊದಲ ಸಲ ಬಾಯಿ ತೆರೆದಳು. “ಕೇಂದ್ರಕ್ಕ ಹೋಗಿ ಬಿಟ್ಟ ಬಂದಾಂವಗ ಈ ಭಯಾ ಇಲ್ಲಲ್ಲಾ?”

ಕೇತಕಿ ಅವಳತ್ತ ತಿರುಗಿದಳು. “ಅವಗಽ ಎಲ್ಲಾರಕಿಂತ ಹೆಚ್ಚ, ಅಕ್ಕಾ. ಬಿಟ್ಟ ಮ್ಯಾಲೆ ಮೈಗೆ ಮೊದಲಿನ ತಾಕತ್ತು ಇರೂದಿಲ್ಲ. ಹಳೇ ಲೆಕ್ಕದಾಗಽ ಮತ್ತ ತಗೊಂಡ್ರ ಮುಗೀತು. ಮೈ ಮರತಿರ್ತದ, ಮನಸ ಮರತಿರೂದಿಲ್ಲ.”

“ಹಂಗಾದ್ರ ನಾ ಏನ್ ಮಾಡ್ಲಿ?”

“ಚಿಲಕಾ ತಗೀರಿ. ಒಬ್ಬನ್ನ ಬಿಡಬ್ಯಾಡ್ರಿ. ಸುಳ್ಳ ಹೇಳೂ ಗರಜು ಅವಗ ಬೀಳದಂಗ ನೋಡ್ಕೋರಿ.”

ನೇತ್ರಾಳ ಕಣ್ಣ ಮುಂದೆ ಪೂಜಾಕೋಣೆಯ ಆ ಸೋಮವಾರ ನಿಂತಿತು.

*

ಊರಿಗೆ ಮರಳಿದ ಮರುದಿನವೇ ಅವಳು ಗಂಡನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದು ಬಚ್ಚಲುಮನೆಯ ಚಿಲಕ ಕಳಚಿದಳು. ಸ್ನಾನಕ್ಕೆ ಹೊರಟ ಗುರುಪಾದಪ್ಪನವರು ಬಾಗಿಲಿನ ನಾಲ್ಕು ತೂತುಗಳನ್ನು ನೋಡಿ ನಿಂತರು.

“ನೇತ್ರಾ, ಚಿಲಕಾ ಎಲ್ಲಿ?”

“ತಗದೀನ್ರಿ.”

“ಯಾಕ?”

“ಒಳಗ ಯಾರರೆ ಬಿದ್ರ ತಗ್ಯಾಕ ಬರಬೇಕಲ್ರಿ.”

“ಹುಡುಗ ಆಣಿ ಮಾಡ್ಯಾನ. ಬೀಳೂದಿಲ್ಲ.”

“ಆಣಿ ಮಾಡ್ಯಾನ ಅಂತಽ ಬಿದ್ದದ್ದು ನಮಗ ಹೇಳೂದಿಲ್ರಿ. ಅಷ್ಟಽ ಫರಕು.”

“ಮರ್ಯಾದಸ್ಥರ ಮನಿಯಾಗ ಬಚ್ಚಲಕ್ಕ ಚಿಲಕಾ ಇಲ್ಲಂದ್ರ ಜನಾ ನಗತಾರ!”

“ಜನಾ ನಮ್ಮ ಬಚ್ಚಲಕ್ಕ ಯಾಕ ಬರ್ತಾರ, ಮುತ್ಯಾ?” ಎಂದು ಸಾಕ್ಷಿ ಕೋಣೆಯಿಂದಲೇ ಕೂಗಿದಳು. “ನೀವು ಕೆಮ್ಮಿದ್ರ ಸಾಕು, ನಾವ್ಯಾರೂ ಬರೂದಿಲ್ಲ.”

ಕೆಮ್ಮುವುದು ತಮ್ಮ ಘನತೆಗೆ ತಕ್ಕುದಲ್ಲವೆಂದು ಬಗೆದ ಮಾಸ್ತರರು ಸ್ನಾನದುದ್ದಕ್ಕೂ ಹದಿನೇಳರ ಮಗ್ಗಿ ಹೇಳಿದರು. ಹೀಗೆ ವಾರದೊಳಗೆ ಆ ಮನೆಯಲ್ಲಿ ಒಬ್ಬೊಬ್ಬರ ಸ್ನಾನಕ್ಕೂ ಒಂದೊಂದು ಗುರುತು ನಿಂತಿತು: ಬಸವಣ್ಣೆವ್ವನದು ಬೀಸುಕಲ್ಲಿನ ಪದ, ಸಾಕ್ಷಿಯದು ಸಿನೆಮಾ ಹಾಡು, ಗೌರೀಶನದು ಸಿಳ್ಳೆ. ಆಕಾಶ ಮಾತ್ರ ಏನನ್ನೂ ಹಾಡುತ್ತಿರಲಿಲ್ಲ. ಅವನು ಒಳಗಿದ್ದಾಗ ನೇತ್ರಾ ಬಾಗಿಲ ಬಾಜು ಕುಳಿತು ಕಾಯಿಪಲ್ಲೆ ಸೋಸುತ್ತಿದ್ದಳು.

ಒಂದು ಬೆಳಿಗ್ಗೆ ಹಂಚಿನ ಮೇಲಿಂದ ರೊಟ್ಟಿ ತೆಗೆದು ಮಗನ ತಾಟಿಗೆ ಹಾಕುತ್ತ ಅವಳು ಹೇಳಿದಳು: “ಕೇಳ ಆಕಾಶಾ. ತಗೋಬ್ಯಾಡ ಅಂತ ಸಾವಿರ ಸಲ ಹೇಳೀನಿ, ಇನ್ನೂ ಹೇಳ್ತೀನಿ. ಆದ್ರ ಮನಸ ತಡೀಲಿಲ್ಲಂದ್ರ ನನಗ ಹೇಳು. ಒಬ್ಬಾಂವ ಕುಂತು ತಗೋಬ್ಯಾಡ.”

“ಮುತ್ಯಾ ಕೇಳಿದ್ರ?”

“ಮುತ್ಯಾಗ ನಾ ಹೇಳ್ತೀನಿ.”

ಹೇಳುವ ಅಗತ್ಯವಿರಲಿಲ್ಲ. ಗುರುಪಾದಪ್ಪನವರು ತಂಬಿಗೆ ಹಿಡಿದು ಅವಳ ಬೆನ್ನ ಹಿಂದೆಯೇ ನಿಂತಿದ್ದರು.

“ತಾಯಿ ಆಗಿ ಪರವಾನಗಿ ಕೊಟ್ಟಿ?”

“ಪರವಾನಗಿ ಅಲ್ರಿ. ಜೀವಂತ ಇರಲಿ ಅಂತ.”

“ಜೀವಕ್ಕಿಂತ ಮಾತು ದೊಡ್ಡದು ಅಂತ ಈ ಮನ್ಯಾಗ ಮೂರ ತಲಿಯಿಂದ ನಡದೈತಿ.”

“ನಿಮಗ ದೊಡ್ಡದಿರಬೇಕ್ರಿ. ನಾ ಒಂಬತ್ತ ತಿಂಗಳ ಹೊತ್ತದ್ದು ಮಾತಲ್ಲ.”

ರೊಟ್ಟಿ ಹಂಚಿನ ಮೇಲೆಯೇ ಹತ್ತಿಹೋಯಿತು. ಆ ಮನೆಯಲ್ಲಿ ಯಾರೂ ಹಿರಿಯರಿಗೆ ಹಾಗೆ ಎದುರಾಡಿರಲಿಲ್ಲ. ಗೌರೀಶ ಸಂಜೆ ಕಾರಖಾನೆಯಿಂದ ಬಂದಾಗ ತಂದೆಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ, ಚಹ ಕುಡಿದು, ಯಾರ ಪಕ್ಷವನ್ನೂ ವಹಿಸದೆ ಮತ್ತೆ ಹೊರಗೆ ಹೋದನು.

*

ನೇತ್ರಾ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಗುರುವಾರ ಮಧ್ಯಾಹ್ನ ಮೂರಕ್ಕೆ ಕೇತಕಿ ಗೊಂಬೆಯನ್ನು ಬಸ್ಸಿನಲ್ಲಿ ತಂದಳು. ನಿರ್ವಾಹಕ ಅದಕ್ಕೆ ತಿಕೀಟು ಕೇಳಿದನಂತೆ. “ಅರ್ಧಾ ಕೊಡ್ತೀನಿ, ಉಸಿರಾಡೂದಿಲ್ಲ,” ಎಂದು ಇವಳು ಹೇಳಿದಳಂತೆ. ಮಾಳಿಗೆಯ ಮೇಲೆ ಐವರು ಹೆಂಗಸರು ಕೂಡಿದರು. ಮರುವಾರ ಹನ್ನೊಂದು, ಅದರ ಮರುವಾರ ಹದಿನೆಂಟು. ಶಾವಿಗೆ ಒಣಹಾಕಿದ್ದೇನೆ, ಕಾಗೆ ಕಾಯಬೇಕೆಂಬ ನೆವದಿಂದ ಬಸವಣ್ಣೆವ್ವನೂ ಮೂಲೆಯಲ್ಲಿ ಕೋಲು ಹಿಡಿದು ಕುಳಿತಳು. ಮೂರು ಗುರುವಾರ ಶಾವಿಗೆ ಒಣಗಿದ್ದೂ ಒಣಗಿದ್ದೇ.

ಐದು ಎಣಿಸಲು ಹೆಂಗಸರು ತಡವರಿಸುತ್ತಿದ್ದರು. ಗಾಬರಿಯಲ್ಲಿ ಎಣಿಕೆ ಓಡುತ್ತಿತ್ತು. “ಗಡಿಯಾರ ನೋಡಬ್ಯಾಡ್ರಿ,” ಎಂದಳು ನೇತ್ರಾ. “ಸಾವಕಾಶ ನಮಃ ಶಿವಾಯ ಅನ್ರಿ. ನ, ಮಃ, ಶಿ, ವಾ, ಯ. ಐದಽ ಅಕ್ಷರ. ‘ಯ’ ಅಂದಕೂಡ್ಲೆ ಊದ್ರಿ.” ಎಣಿಕೆ ಒಮ್ಮೆಲೆ ಹದಕ್ಕೆ ಬಂದಿತು. ಖಾನಾಪುರದವರಿಗೆ ತಾನು ವಿಠ್ಠಲನ ಹೆಸರು ಹೇಳಿಸುವೆನೆಂದು ಕೇತಕಿ ನಕ್ಕಳು.

ಈ ಸುದ್ದಿ ಕೆಳಗಿಳಿದಾಗ ಗುರುಪಾದಪ್ಪನವರು ಕೆಂಡವಾದರು. “ಪಂಚಾಕ್ಷರಿಯನ್ನ ನಶೇಬಾಜರ ಬಾಯಾಗ ಊದಾಕ ಹಚ್ಚಿ?”

“ಸಾಯೂ ಹೊತ್ತಿನಾಗ ಕಿವಿಯಾಗ ಹೇಳ್ತೀರಲ್ರಿ? ನಾ ಅದಕಿಂತ ಒಂದ್ ಗಳಿಗಿ ಮೊದಲ ಹೇಳಾಕ ಹಚ್ಚೀನಿ.”

ಅದೇ ವಾರ ಬಡಾವಣೆಯ ಸಂಘದ ಅಧ್ಯಕ್ಷ ಅವಧೂತರಾಯರು ಮನೆಗೆ ಬಂದರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ, ಇಸ್ತ್ರಿ ಕೆಡದ ಗೃಹಸ್ಥರು. ಜೊತೆಗೆ ಹೆಂಡತಿ ಕುಮುದಿನಿ. ಆಕೆ ಚಹದ ಬಟ್ಟಲು ಹಿಡಿದು ಒಂದು ಮಾತೂ ಆಡದೆ ಕುಳಿತಿದ್ದಳು.

“ಸರ್, ನಿಮ್ಮ ಸೊಸಿ ಮಾಡೂದು ಪುಣ್ಯದ ಕೆಲಸ ಇರಬಹುದು. ಆದ್ರ ನಮ್ಮ ಕಾಲೋನ್ಯಾಗ ಇಂಥಾವ್ರು ಇದ್ದಾರ ಅಂತ ಡಂಗುರಾ ಹೊಡದಂಗ ಆಗೂದಿಲ್ಲೇನ್ರಿ? ಹೆಣ್ಣು ಗಂಡು ಮದವಿಗೆ ಬಂದಾವ, ಒಬ್ಬೊಬ್ಬರ ಮನ್ಯಾಗ. ಖಾನಾಪುರದಾಗ ಮಾಡ್ಲಿ ಬೇಕಾದ್ರ. ಮಚ್ಛೆಯೊಳಗ ಮಾಡ್ಲಿ.”

“ಅಲ್ಲಿನವರು ನಶಾದಿಂದ ಸಾಯ್ತಾರ, ಇಲ್ಲಿನವರು ಹಾರ್ಟ್ ಫೇಲಾಗ್ತಾರ, ಹೌದಿಲ್ರಿ ಕಾಕಾ?” ಎಂದಳು ಸಾಕ್ಷಿ.

“ಸಾಕ್ಷೀ, ಒಳಗ ನಡಿ!” ಗುರುಪಾದಪ್ಪನವರು ಗದರಿದರು. ಅತಿಥಿಗಳನ್ನು ಕಳುಹಿ ಬಂದವರೇ ತೀರ್ಪು ಕೊಟ್ಟರು. “ಗುರುವಾರದ ಆಟ ಬಂದ್. ಗೌರೀಶಾ, ನಾಳೆ ಮುಂಜಾನೆ ಬಚ್ಚಲಕ್ಕ ಚಿಲಕಾ ಹಾಕು.”

“ನಾ ಬಂದ್ ಮಾಡೂದಿಲ್ರಿ,” ಎಂದಳು ನೇತ್ರಾ.

“ಹಂಗಾದ್ರ ನಿನ್ನ ಕೈಯಾನ ಅನ್ನಾ ನಾ ಉಣ್ಣೂದಿಲ್ಲ.”

“ನಿಮ್ಮಿಚ್ಛಾರಿ. ಅವಲಕ್ಕಿ ಮ್ಯಾಲಿನ ಡಬ್ಬ್ಯಾಗ ಐತಿ.”

ನಾಲ್ಕು ದಿನ ಮಾಸ್ತರರು ಅವಲಕ್ಕಿ ಮೊಸರಿನಲ್ಲಿ ಕಳೆದರು. ಎಣ್ಣೆಗಾಯಿಯ ವಾಸನೆ ಬಂದಾಗಲೆಲ್ಲ ವರ್ತಮಾನಪತ್ರವನ್ನು ಮುಖದ ಮಟ್ಟಕ್ಕೆತ್ತುತ್ತಿದ್ದರು. “ನೀನರೆ ಒಂದೀಟ ಅನ್ನಾ ಮಾಡಿ ಹಾಕಬಾರದೇನು?” ಎಂದು ಹೆಂಡತಿಯನ್ನು ಕೇಳಿದಾಗ, “ನನ್ನ ಒಲಿ ಸೊಸಿಗೆ ಕೊಟ್ಟು ಇಪ್ಪತ್ತೈದ ವರ್ಷ ಆತು. ನಿಮ್ಮ ಸಿಟ್ಟಿಗೆ ಬ್ಯಾರೆ ಒಲಿ ಹೂಡಲ್ಯಾ?” ಎಂದು ಬಸವಣ್ಣೆವ್ವ ಎದ್ದುಹೋದಳು.

ಆದರೆ ಚಿಲಕದ ವಿಷಯದಲ್ಲಿ ಅವರ ಮಾತೇ ನಡೆಯಿತು. ಗೌರೀಶ ತಂದೆಯ ಅಪ್ಪಣೆಯನ್ನು ಮೀರಿದವನಲ್ಲ. ಅವನು ಸ್ಕ್ರೂ ತಿರುಗಿಸುತ್ತಿದ್ದಾಗ ನೇತ್ರಾ ಬೆನ್ನ ಹಿಂದೆ ನಿಂತಳು.

“ಮನ್ಯಾಗ ಶಾಂತಿ ಬೇಕಲ್ಲಾ ನೇತ್ರಾ,” ಎಂದನು ಅವನು, ತಿರುಗಿ ನೋಡದೆ.

“ಬೇಕು. ಶಾಂತಿ ಅನ್ನೂದು ಒಳಗಿಂದ ಚಿಲಕಾ ಹಾಕ್ಕೊಂಡ ಮ್ಯಾಲೆ ಎಂಥಾದ್ದಿರ್ತದ ಅಂತ ನೀವು ಕಾಣ್ಬಾರ್ದು, ಅಷ್ಟಽ.”

*

ಆಣೆಯಾಗಿ ಆರನೆಯ ವಾರದ ಬುಧವಾರ. ನೇತ್ರಾ ಕೇತಕಿಯ ಪಾಠಕ್ಕೆ ಜೊತೆಗೆಂದು ಖಾನಾಪುರಕ್ಕೆ ಹೋಗಿದ್ದಳು. ಗೌರೀಶ ಮಚ್ಛೆಯಲ್ಲಿ, ಸಾಕ್ಷಿ ಕಾಲೇಜಿನಲ್ಲಿ. ಬೆಳಿಗ್ಗೆ ಯಾರದೋ ಫೋನು ಬಂದು ಹೊರಗೆ ಹೋಗಿದ್ದ ಆಕಾಶ ಹನ್ನೊಂದರ ಹೊತ್ತಿಗೆ ಮರಳಿ, “ಜಳಕಾ ಮಾಡ್ತೀನಿ,” ಎಂದು ಬಚ್ಚಲಿಗೆ ಹೋದ. ಗುರುಪಾದಪ್ಪನವರು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ನೀರಿನ ಸದ್ದು ಸ್ವಲ್ಪ ಹೊತ್ತು ಬಂದು ನಿಂತಿತು. ಬಳಿಕ ಮತ್ತೊಂದು ಸದ್ದು.

“ನಳದಾಗ ಗಾಳಿ ಹೊಕ್ಕೈತಿ,” ಎಂದರು ಅವರು, ಹಾಳೆ ತಿರುವುತ್ತ.

ಹಿತ್ತಲಿನಿಂದ ಬರುತ್ತಿದ್ದ ಬಸವಣ್ಣೆವ್ವ ನಿಂತಳು. ಕಿವಿಗೊಟ್ಟಳು. ಅವಳ ಕೈಯೊಳಗಿನ ಮೊರ ಕೆಳಗೆ ಬಿದ್ದು ಜೋಳ ಚೆಲ್ಲಿತು.

“ನಳ ಅಲ್ರೀ ಅದು! ಏಳ್ರಿ! ಬಾಗಲಾ ಮುರೀರಿ!”

“ಆಕಾಶಾ!” ಎಂದು ಅವರು ತಟ್ಟಿದರು. ಉತ್ತರವಿಲ್ಲ. ಚಿಲಕ ಗಟ್ಟಿಯಾಗಿ ಕುಳಿತಿತ್ತು; ಮಗ ಒಳ್ಳೆಯ ಕೆಲಸಗಾರ. ಮುದುಕಿ ಹಿತ್ತಲಿನಿಂದ ಎಳೆದುತಂದ ಕಬ್ಬಿಣದ ಹಾರೆಯನ್ನು ಸಂದಿಗೆ ತೂರಿಸಿ ಮೂರು ಸಲ ಮೀಟಿದ ಮೇಲೆ ಬಾಗಿಲು ಬಿರಿಯಿತು. ಆಕಾಶ ಗೋಡೆಗೆ ಒರಗಿ ಕುಸಿದಿದ್ದ. ತುಟಿಗಳು ನೇರಳೆಹಣ್ಣು ತಿಂದವನಂತೆ ಕಪ್ಪಿಟ್ಟಿದ್ದವು. ಸೂಜಿ ಮಗ್ಗುಲಲ್ಲೇ ಇತ್ತು. ಆ ಸದ್ದೂ ಈಗ ನಿಂತಿತ್ತು.

ಮಾಸ್ತರರು ಅವನನ್ನು ಹೊರಗೆಳೆದು, ತೋಳ ಕೆಳಗೆ ಕೈಹಾಕಿ, ಗೋಡೆಗೆ ಎತ್ತಿ ಕುಳ್ಳಿರಿಸಹೋದರು. “ನೀರ ತಾ! ನೀರ!”

“ಕುಂದ್ರಸಬ್ಯಾಡ್ರಿ!” ಬಸವಣ್ಣೆವ್ವ ಚೀರಿದಳು. “ನಮ್ಮ ಮಂದ್ಯಾಗ ಗ್ವಾಡಿಗೆ ಆನಿಸಿ ಕುಂದ್ರಸೂದು ಯಾರ್ನ, ಮರತ್ರೇನು?”

ಅವರ ಕೈಗಳು ತಾವಾಗಿ ಸಡಿಲಿದವು. ಸತ್ತ ಮೇಲೆ ಗೋಡೆಗೆ ಆನಿಸಿ, ಹೂವು ಏರಿಸಿ, ಹೊತ್ತೊಯ್ಯುವತನಕ ಹಾಗೆ ಕೂರಿಸಿದ ತಂದೆಯನ್ನೂ ತಾಯಿಯನ್ನೂ ಅವರು ಕಂಡಿದ್ದರು. ಮೊಮ್ಮಗನನ್ನು ಅಂಗಾತ ಮಲಗಿಸಿದರು. ಅಷ್ಟರಲ್ಲಿ ಅವಳು ಫೋನಿನಲ್ಲಿ ೧೦೮ ಒತ್ತಿ, ಮನೆಯ ಗುರುತು ಕೂಗಿ ಹೇಳಿ, ಅದನ್ನು ನೆಲಕ್ಕಿಟ್ಟಿದ್ದಳು.

“ಹಣಿ ಹಿಂದ ಒತ್ತರಿ. ಗದ್ದ ಎತ್ತರಿ. ಇನ್ನೂ ಎತ್ತರಿ. ಮೂಗು ಹಿಡೀರಿ. ಊದ್ರಿ.”

“ನೀ ಊದ. ನಿನಗ ಬರ್ತದ.”

“ನನ್ನ ಬಾಯಾಗ ಹಲ್ಲಿಲ್ಲ, ಗಾಳಿ ಸೋರ್ತದ! ಬಾಯಿ ಹಚ್ಚರಿ!”

ಗುರುಪಾದಪ್ಪನವರು ಅರವತ್ತು ವರ್ಷಗಳಿಂದ ಪರರು ಮುಟ್ಟಿದ ಲೋಟದಲ್ಲಿ ನೀರು ಕುಡಿದವರಲ್ಲ. ಹೆಂಡತಿ ರುಚಿ ನೋಡಿದ ಚಮಚವನ್ನೂ ತೊಳೆಸಿ ಮತ್ತೆ ಸಾರಿಗೆ ಹಾಕಿಸುವವರು. ಅವರು ಬಾಗಿ, ನೊರೆ ಮೆತ್ತಿದ ಆ ತುಟಿಗಳನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸಿ, ಬಾಯಿಗೆ ಬಾಯಿ ಹಚ್ಚಿ ಊದಿದರು. ಎದೆ ಏರಿತು.

“ನ... ಮಃ... ಶಿ... ವಾ... ಯ. ಊದ್ರಿ,” ಎಂದಳು ಬಸವಣ್ಣೆವ್ವ, ನೆಲವನ್ನು ಅಂಗೈಯಿಂದ ತಟ್ಟುತ್ತ. “ನ... ಮಃ... ಗಡಬಡಿ ಮಾಡಬ್ಯಾಡ್ರಿ. ಶಿ... ವಾ... ಯ. ಊದ್ರಿ.”

ಹದಿನಾಲ್ಕು ನಿಮಿಷ. ಮಾಸ್ತರರ ಬೆನ್ನು ಸೆಟೆಯಿತು, ಕಣ್ಣಿಗೆ ಕತ್ತಲೆ ಬಂದಿತು, “ಆಗವಲ್ದು” ಎಂದರು. “ಆಗ್ಬೇಕು,” ಎಂದಳು ಮುದುಕಿ. ಅಂಬ್ಯುಲೆನ್ಸಿನವರು ಒಳಗೆ ಬಂದಾಗ ಆಕಾಶನ ತುಟಿಯ ಕಪ್ಪು ಇಳಿದು ಕೆಂಪಿನ ಎಳೆಯೊಂದು ಮೂಡಿತ್ತು.

*

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಏರಿದ ಕೆಲವೇ ನಿಮಿಷಗಳಲ್ಲಿ ಅವನು ಕಣ್ಣು ತೆರೆದು, ವಾಂತಿ ಮಾಡಿ, ಎಲ್ಲರನ್ನೂ ಬೈದನು. ಆ ಬೈಗಳನ್ನು ಕೇಳಿ ಗೌರೀಶ ಗ್ರೀಸಿನ ಕೈಗಳಿಂದಲೇ ಮುಖ ಮುಚ್ಚಿಕೊಂಡು ಅತ್ತನು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಮಾವನ ಮುಂದೆ, ಖಾನಾಪುರದಿಂದ ಓಡಿಬಂದ ನೇತ್ರಾ ನಿಂತಳು.

“ಚಿಲಕಾ ನಾ ಹಾಕಸಿದ್ದೆ,” ಎಂದರು ಗುರುಪಾದಪ್ಪನವರು.

“ಹೌದ್ರಿ,” ಎಂದಳು ಅವಳು. ತಾಸುಹೊತ್ತಿನ ದಾರಿಯುದ್ದಕ್ಕೂ ಕಾಯಿಸಿ ಇಟ್ಟುಕೊಂಡಿದ್ದ ಮಾತುಗಳು ಬಾಯಿಗೆ ಬಂದಿದ್ದವು. ಅವರ ತುಟಿಯ ಮೇಲೆ ಒಣಗಿದ್ದ ನೊರೆಯನ್ನು ನೋಡಿ ನುಂಗಿಕೊಂಡಳು. “ಊದಿದಾವ್ರೂ ನೀವಽ ಅಂತ ಅತ್ತಿಯಾರು ಹೇಳಿದ್ರು. ಊಟಾ ಮಾಡೀರೇನು?”

“ಇಲ್ಲ.”

“ರೊಟ್ಟಿ ಐತಿ, ತಗೋರಿ. ನನ್ನ ಕೈಯಾನವಽ ಮತ್ತ.”

ಅವರು ತೆಗೆದುಕೊಂಡರು.

ಮೂರನೆಯ ದಿನ ಬಿಡುಗಡೆಯ ಹೊತ್ತಿಗೆ ಆಕಾಶ ಮಂಚದಿಂದ ಇಳಿಯಲೊಲ್ಲೆನೆಂದನು. “ಆಣಿ ಮುರದೀನಿ. ಮನಿಗೆ ಬರೂದಿಲ್ಲ. ಹೊಸ್ತಿಲಾ ತುಳ್ಯೂದಿಲ್ಲ ಅಂತ ನನ್ನ ಬಾಯಿಲೆನಽ ಹೇಳಿಸೀರಿ.”

“ಹೇಳಿಸಿದಾಂವ ನಾನು. ಆ ಆಣಿ ನಾ ಹಿಂದಕ್ಕ ತಗೊಂಡೀನಿ. ಚಪ್ಪಲ್ ಮೆಟ್ಟ.”

“ಮತ್ತ ತಗೊಂಡ್ರ?”

ಗುರುಪಾದಪ್ಪನವರು ಸೊಸೆಯ ಕಡೆಗೆ ನೋಡಿದರು. “ನಿಮ್ಮವ್ವಗ ಹೇಳು. ಆಕಿ ಇಲ್ಲದಾಗ ನನಗ ಹೇಳು.”

ಅಂದಿನಿಂದ ಆಕಾಶ ದಿನವೂ ಬೆಳಿಗ್ಗೆ ಸರಕಾರಿ ಚಿಕಿತ್ಸಾಕೇಂದ್ರಕ್ಕೆ ಹೋಗಿ, ನಾಲಗೆಯ ಕೆಳಗಿಡುವ ಔಷಧವನ್ನು ಅಲ್ಲಿಯವರ ಎದುರಿಗೇ ತೆಗೆದುಕೊಳ್ಳತೊಡಗಿದನು. “ಗುಳಿಗಿ ಬಿಡಸಾಕ ಗುಳಿಗಿ ಅಂದ್ರ ಏನ್ರಿ?” ಎಂದು ಗೌರೀಶ ಗೊಣಗಿದಾಗ, “ನಿನಗ ಸಕ್ಕರಿ ಬ್ಯಾನಿಗೆ ದಿನಾ ನುಂಗೂದು ಏನು, ಪೇಪರಮೆಂಟು?” ಎಂದರು ತಂದೆ. ಜೊತೆಗೆ ಹೋಗುವವರೂ ಅವರೇ.

*

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬಡಾವಣೆಯ ಸಂಘದ ಸಭೆ. ಹಿರಿಯರ ಭಾಷಣ ಗುರುಪಾದಪ್ಪನವರ ಪಾಲಿಗೆ ಬಂದಿತ್ತು. ವಿಷಯ ‘ದಾಸೋಹ’ ಎಂದು ಫಲಕದ ಮೇಲೆ ಬರೆದಿತ್ತು. ನೇತ್ರಾ ಮತ್ತು ಕೇತಕಿ ಗೊಂಬೆಯನ್ನು ಹೊತ್ತು ಬಾಗಿಲಿಗೆ ಬಂದಾಗ ಅವಧೂತರಾಯರು ಅಡ್ಡ ನಿಂತರು.

“ಇದನ್ನ ಒಳಗ ತರಬ್ಯಾಡ್ರಿ. ಹೆಣದ ಹಂಗ ಕಾಣ್ತದ. ಶುಭ ದಿನಾ ಇವತ್ತ.”

“ಸರ್ ಅವರಽ ತರ್ರಿ ಅಂದಾರ್ರಿ.”

“ಸರ್ ಅವರು ಭಾಷಣಾ ಮಾಡ್ಲಿ. ಗೊಂಬಿ ಹೊರಗ.”

ಗೊಂಬೆ ಹೊರಗುಳಿಯಿತು. ಗುರುಪಾದಪ್ಪನವರು ಇದನ್ನೆಲ್ಲ ವೇದಿಕೆಯಿಂದ ನೋಡಿದರು. ಬಂದವರು ನೂರರ ಸಮೀಪ. ಆಕಾಶ ಮೂರನೆಯ ಸಾಲಿನಲ್ಲಿ ತಂಗಿಯ ಬಾಜು ಕುಳಿತಿದ್ದ. ಅವನ ಒಪ್ಪಿಗೆಯನ್ನು ಮುತ್ಯಾ ಹಿಂದಿನ ದಿನವೇ ಕೇಳಿದ್ದರು. “ಹೆಸರ ಹೇಳ್ರಿ,” ಎಂದು ಅವನೇ ಅಂದಿದ್ದ.

“ಹೊಟ್ಟಿಗೆ ಅನ್ನಾ ಹಾಕೂದು ದಾಸೋಹ ಅಂತ ಎಲ್ಲಾರಿಗೂ ಗೊತ್ತೈತಿ,” ಎಂದು ಅವರು ಆರಂಭಿಸಿದರು. “ಉಸಿರು ನಿಂತಾವಗ ಉಸಿರು ಹಾಕೂದು ಏನು ಅನ್ನೂದನ್ನ ನಾ ಮೂರ ವಾರದ ಹಿಂದ ಕಲತೆ. ನನ್ನ ಮೊಮ್ಮಗ ಆಕಾಶ ನಶೇದ ಗುಳಿಗಿ ತಗೊಂಡು ನನ್ನ ಬಚ್ಚಲದಾಗ ಸಾಯಾಕ ಹತ್ತಿದ್ದ. ಅವನ ಸಾವಿಗೆ ಚಿಲಕಾ ನಾ ಹಾಕಸಿಕೊಟ್ಟಿದ್ದೆ...”

ಸಭೆಯಲ್ಲಿ ಗುಜುಗುಜು ಎದ್ದಿತು. ಅವಧೂತರಾಯರು ಕೈಸನ್ನೆ ಮಾಡಿದರು. ಧ್ವನಿವರ್ಧಕ ನಿಂತಿತು.

“ಸರ್, ವಿಷಯಕ್ಕ ಬರ್ರಿ. ಇದು ಮನೀ ಮಾತು.”

“ಮನ್ಯಾಗ ಇಟ್ಟಿದ್ದಕ್ಕಽ ಇಲ್ಲಿತನಕಾ ಬಂತು,” ಎಂದರು ಮಾಸ್ತರರು. ಮೂವತ್ತೆಂಟು ವರ್ಷ ಎಪ್ಪತ್ತು ಹುಡುಗರ ಕೋಣೆಗಳಲ್ಲಿ ಪಳಗಿದ ಆ ಕಂಠಕ್ಕೆ ಯಂತ್ರ ಬೇಕಾಗಿರಲಿಲ್ಲ. “ನಮ್ಮ ಕಾಲೋನ್ಯಾಗ ಇಂಥಾವ್ರು ಇಲ್ಲ ಅನ್ನಾವ್ರು ಕೈ ಎತ್ತರಿ. ನನ್ನ ಮನಿಯಿಂದ ಎಣಿಕಿ ಶುರು ಮಾಡೂಣು. ಅಲ್ಲಿ ಒಬ್ಬ ಇದ್ದಾನ.”

ಯಾರೂ ಕೈ ಎತ್ತಲಿಲ್ಲ. ಅವರು ಹೆಗಲ ಮೇಲಿನ ಶಲ್ಯ ತೆಗೆದು ಕುರ್ಚಿಗೆ ಹಾಕಿದರು. ಮೆಟ್ಟಿಲಿಳಿದು, ಸಭೆಯ ನಡುವಿನ ಜಮಖಾನೆಯ ಮೇಲೆ, ಬಿಳಿಯ ಪಂಚೆಯನ್ನು ಮೊಣಕಾಲ ಸುತ್ತ ಸರಿಪಡಿಸಿಕೊಂಡು, ಅಂಗಾತ ಮಲಗಿ ಕಣ್ಣು ಮುಚ್ಚಿದರು.

“ಅಯ್ಯ ಶಿವನ!” ಎಂದಿತು ಒಂದು ದನಿ.

“ಸರ್, ಏಳ್ರಿ! ಮರ್ಯಾದಿ ಹೋಗತದ!” ಅವಧೂತರಾಯರು ಓಡಿಬಂದರು.

“ಗೊಂಬಿ ಒಳಗ ಬಿಡಲಿಲ್ಲಲ್ಲಾ, ಅದಕ್ಕ ನಾ ಬಿದ್ದೀನಿ. ಎಬ್ಬಿಸೂದು ಇನ್ನ ನಿಮ್ಮ ಕೆಲಸ. ಹ್ಯಾಂಗ ಎಬ್ಬಸ್ತೀರಿ, ಬಂದು ತೋರಸ್ರಿ.”

“ನೇತ್ರಾಬಾಯಿ, ನೀವರೆ ಹೇಳ್ರಿ ಅವರಿಗೆ.”

“ನಾ ಏನ್ ಹೇಳ್ಲಿ, ಕಾಕಾ? ಉಸಿರಿಲ್ಲದಾವ್ರು ಮಾತ ಕೇಳ್ತಾರೇನು?” ನೇತ್ರಾ ಮಾವನ ತಲೆಯ ಬಳಿ ಮೊಣಕಾಲೂರಿ ಕುಳಿತು ಸಭೆಯತ್ತ ನೋಡಿದಳು. “ಕೈ ಇಡೂದು ಕಲೀರಿ, ಊದೂದು ಗೊಂಬಿ ಮ್ಯಾಲೆ ಆಮ್ಯಾಲೆ ಕಲಸ್ತೀನಿ. ಯಾರು ಬರ್ತೀರಿ ಮೊದಲ?”

ಗಂಡಸರು ಜಂತಿಯನ್ನು ನೋಡಿದರು. ಗುರುವಾರದ ಹೆಂಗಸರಲ್ಲಿ ಇಬ್ಬರು ಮೂವರು ಏಳಹೊರಟು, ಗಂಡಂದಿರ ಮುಖ ನೋಡಿ ತಡೆದರು. ಆಗ ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿಯಿತು. ಕುಮುದಿನಿ ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು ಸಾಲುಗಳ ನಡುವೆ ನಡೆದುಬಂದಳು.

“ಕುಮುದಿನಿ, ಕುಂದ್ರು,” ಎಂದರು ಅವಧೂತರಾಯರು.

“ಐದ ತಿಂಗಳ ಕುಂತೀನಿ,” ಎಂದಳು ಆಕೆ, ಎಲ್ಲರಿಗೂ ಕೇಳುವಂತೆ. “ಮಗನ ಕ್ವಾಣಿ ಬಾಗಲದ ಮುಂದ, ಒಳಗ ಸಪ್ಪಳ ಐತೋ ಇಲ್ಲೋ ಅಂತ ಕಿವಿ ಹಚ್ಚಿ ಐದ ತಿಂಗಳ ಕುಂತೀನಿ. ಇನ್ನ ಕುಂದ್ರೂದಿಲ್ಲ.”

ಅವಧೂತರಾಯರ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಕುಮುದಿನಿ ಜಮಖಾನೆಯ ಮೇಲೆ ಕುಳಿತಳು. ಒಂದು ಅಂಗೈಯನ್ನು ಮಾಸ್ತರರ ವಿಭೂತಿಯ ಹಣೆಯ ಮೇಲಿಟ್ಟಳು, ಇನ್ನೊಂದು ಕೈಯ ಬೆರಳುಗಳನ್ನು ಗದ್ದದ ಕೆಳಗೆ ತಂದಳು. ಬಳೆಗಳು ಸದ್ದು ಮಾಡುವಷ್ಟು ಕೈ ನಡುಗುತ್ತಿತ್ತು.

“ಕೈ ನಡಗತಾವ, ನೇತ್ರಾ.”

“ನಡಗಲಿ,” ಎಂದಳು ನೇತ್ರಾ. “ಎತ್ತರಿ.”